ಸಂಘದ ಸೈಟು: ಡ್ರೂಪಲ್ ಇಟ್ಟುಕೊಳ್ಳುವುದಾ, ಬಿಡುವುದಾ?

ಡೊಂಬಿವಲಿಯಿಂದ: ನಮ್ಮ ಕನ್ನಡ ಸಂಘದ ಸೈಟು ಇನ್ನೂ ಡ್ರೂಪಲ್ ಅನ್ನೋ ಸೈಟು ಕಟ್ಟುವ ತಂತ್ರಾಂಶದ 7ನೇ ಆವೃತ್ತಿಯಲ್ಲೇ ಇದೆ. 2025ರ ಜನವರಿ 5ಕ್ಕೆ ಅದರ ಬೆಂಬಲ ನಿಂತಿತು. ನಾಟಕದ ಫೋಟೊ, ಹಳೇ ಸಂಚಿಕೆ ಸೇರಿ 600 ಪುಟ. ನೋಡಿಕೊಳ್ಳುವವನು ನಾನೊಬ್ಬನೇ, ಅದೂ ಲೋಕಲ್‌ನಲ್ಲಿ ಸೀಟು ಸಿಕ್ಕ ದಿನ! ಡ್ರೂಪಲ್ 11ಕ್ಕೆ ಏರಿಸಲೋ, ಅಂಥದ್ದೇ ಇನ್ನೊಂದು ತಂತ್ರಾಂಶ ವರ್ಡ್‌ಪ್ರೆಸ್‌ಗೆ ಹೋಗಲೋ?

ಪುಣೆಯಿಂದ: ಏರಿಸುವುದು ಹೆಸರಿಗಷ್ಟೇ ಸಾರ್. ಹೊಸ ಸೈಟು ಕಟ್ಟಿ ಎಲ್ಲ ಸಾಗಿಸಬೇಕು. ಸೈಟಿನ ರೂಪ ಕೊಡುವ ಥೀಮ್ ಅಂತೂ ಟ್ವಿಗ್ ಅನ್ನೋ ಟೆಂಪ್ಲೇಟ್ ಭಾಷೆಯಲ್ಲಿ ಮೊದಲಿಂದ ಬರೆಯಬೇಕು. ಹೇಗಿದ್ದರೂ ಅಷ್ಟು ಕೆಲಸ ಇದೆ ಅಂದಮೇಲೆ, ಸಂಘದವರೇ ಬಳಸಬಲ್ಲ ವರ್ಡ್‌ಪ್ರೆಸ್ ವಾಸಿ ಅಲ್ವಾ?

ಮಡಗಾಂವ್‌ನಿಂದ: ಹಳೇ ಲಿಂಕು ಒತ್ತಿದವರು ಹೊಸ ಪುಟಕ್ಕೇ ಹೋಗುವಂತೆ ರೀಡೈರೆಕ್ಟ್ ಹಾಕಿ. ನಾನು ಮರೆತು ಬೈಸಿಕೊಂಡಿದ್ದೇನೆ. ಸಂಚಿಕೆಗಳು ಹಳೇ ನುಡಿ ಫಾಂಟಿನಲ್ಲಿದ್ದರೆ ಮೊದಲು, ಎಲ್ಲ ಕಡೆ ಕನ್ನಡ ಸರಿಯಾಗಿ ಕಾಣುವ ಯುನಿಕೋಡ್‌ಗೆ ಬದಲಿಸಿ.

ಡೊಂಬಿವಲಿಯಿಂದ: ಅಯ್ಯೋ, ಅರ್ಧಕ್ಕಿಂತ ಜಾಸ್ತಿ ನುಡಿಯೇ! ಈ ಭಾನುವಾರ ಅಲ್ಲಿಂದಲೇ ಶುರು.