‘ಸಂರಕ್ಷಣಾ ಮೀಸಲು’: ಯಾರಿಗೆ ಮೀಸಲು?

ರಾಜ್ಯದ ವನ್ಯಜೀವಿ ತಾಣಗಳ ಬಗ್ಗೆ ಶಾಲಾಮಕ್ಕಳಿಗಾಗಿ ಬರೆದ ಒಂದು ಕಿರುಹೊತ್ತಗೆಯ ಕರಡು ತಿದ್ದುತ್ತಿದ್ದೇನೆ. ‘ಸಂರಕ್ಷಣಾ ಮೀಸಲು’ (ಇಂಗ್ಲಿಷಿನ ‘ಕನ್ಸರ್ವೇಶನ್ ರಿಸರ್ವ್’) ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ಪದ ಇದು. ರಾಜ್ಯ ಸರ್ಕಾರ ತನ್ನ ಒಡೆತನದ ನೆಲವನ್ನು, ಸ್ಥಳೀಯರೊಡನೆ ಸಮಾಲೋಚಿಸಿ, ಹೀಗೆಂದು ಘೋಷಿಸಬಹುದು. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗಗಳ ಬಯಲು (2007), ಅಘನಾಶಿನಿ ಕಣಿವೆಯ ಸಿಂಗಳೀಕಗಳ ಕಾಡು (2011; 2019ರಲ್ಲಿ ಇದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು), ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು (2011) ಎಲ್ಲವೂ ಹೀಗೆ ಘೋಷಿತವಾದವು.

ನನ್ನ ತಕರಾರು ವ್ಯಾಕರಣದ್ದು. ಕನ್ನಡದಲ್ಲಿ ‘ಮೀಸಲು’ ಎಂದೊಡನೆ ಚತುರ್ಥಿ ವಿಭಕ್ತಿ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ದೇವರಿಗೆ ಮೀಸಲು, ಮಹಿಳೆಯರಿಗೆ ಮೀಸಲು. ‘ಸಂರಕ್ಷಣಾ ಮೀಸಲು’ ಎಂದು ಬರೆದ ಒಂದು ಫಲಕದ ಮುಂದೆ ನಿಂತಿದ್ದಾಗ ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು, ಫಲಕವನ್ನು ನನ್ನಿಂದ ಓದಿಸಿಕೊಂಡು, “ಸರಿ ಸ್ವಾಮಿ, ಯಾರಿಗೆ ಮೀಸಲು?” ಎಂದರು. ಉತ್ತರ ಫಲಕದಲ್ಲಿರಲಿಲ್ಲ, ನನ್ನಲ್ಲೂ ಇರಲಿಲ್ಲ.

ಇನ್ನೊಂದು ತೊಡಕು ಅರ್ಥದ್ದು. ಮೀಸಲು ಎಂದರೆ ಬೇರೆಯವರು ಮುಟ್ಟಬಾರದ್ದು, ಎಂಜಲಾಗದ್ದು. ದೇವರಿಗೆಂದು ಎತ್ತಿಟ್ಟ ಹಾಲನ್ನು ಮನೆಯ ಮಗುವಿಗೂ ಕೊಡುವುದಿಲ್ಲ. ಆದರೆ ಕಾಯ್ದೆಯ ಆಶಯ ಹಾಗಿಲ್ಲ. ಈ ತಾಣಗಳ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿಗೂ ಕೃಷಿ, ಪಶುಸಂಗೋಪನಾ ಇಲಾಖೆಗಳಿಗೂ ಜಾಗವಿದೆ. ಸುತ್ತಲಿನವರನ್ನು ಹೊರಗಿಡುವ ಪದವನ್ನು, ಅವರನ್ನು ಒಳಗೆ ಕೂರಿಸಿಕೊಂಡ ವ್ಯವಸ್ಥೆಗೆ ಅಂಟಿಸಿದಂತಾಗಿದೆ. ‘ಮೀಸಲು ಅರಣ್ಯ’ ಎಂಬ ಹಳೆಯ ಪದ ಬೇರೆ ಕಾನೂನಿನದು, ಅದರ ನೆರಳೂ ಇದರ ಮೇಲೆ ಬೀಳುತ್ತದೆ. ಪತ್ರಿಕೆಗಳು ಇದನ್ನೇ ಒಮ್ಮೊಮ್ಮೆ ‘ಸಂರಕ್ಷಿತ ಪ್ರದೇಶ’ ಎನ್ನುತ್ತವೆ. ಹುಲಿ ಯೋಜನೆಯ ಕಾಡುಗಳಿಗೂ ಅದೇ ಪದ. ಓದುಗ ಯಾವುದನ್ನು ಯಾವುದೆಂದು ತಿಳಿಯಬೇಕು?

‘ಮೀಸಲು’ ಪದದ ಬದಲಿಗೆ, ಬಾಸೂರಿನ ಹೆಸರಿನಲ್ಲೇ ಇರುವ ‘ಕಾವಲು’ ಪದ ನನಗೆ ಹಿಡಿಸಿದೆ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅದರ ದನಗಳಿಗಾಗಿ ಕಾದಿಟ್ಟ ಹುಲ್ಲಿನ ಬಯಲುಗಳೇ ಕಾವಲುಗಳು. ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ಅವು ಬೇರೆ ಬೇರೆಯಾಗಿದ್ದವು, ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಅಂದರೆ ಕಾಯುವುದೂ ಮೇಯಿಸುವುದೂ ಒಂದೇ ಪದದೊಳಗೆ ಇವೆ. ‘ಹುಲ್ಲುಗಾವಲು’ ಕೂಡ ಹುಲ್ಲು, ಕಾವಲು ಸೇರಿ ಆದದ್ದೇ. ಕಕಾರ ಗಕಾರವಾಗಿದ್ದರಿಂದ ನಮಗೆ ಅದು ಕಾಣುವುದಿಲ್ಲ, ಅಷ್ಟೆ. ಅದೇ ಬಯಲನ್ನು ‘ಬಂಜರು’ ಎಂದು ಕರೆದುಬಿಟ್ಟರೆ ಮುಂದಿನ ಹೆಜ್ಜೆ ನೀಲಗಿರಿ ನೆಡುವುದು. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು, ತೋಪಲ್ಲ.

ಆದರೆ ‘ಸಿಂಗಳೀಕ ಕಾವಲು’ ಎಂದರೆ ಸಿಂಗಳೀಕವನ್ನೇ ಪಹರೆಗೆ ನಿಲ್ಲಿಸಿದಂತೆ ಕೇಳಿಸುತ್ತದೆ. ರಾಮಪತ್ರೆ ಜಡ್ಡಿಯಂಥ ಒದ್ದೆ ಕಾಡಿಗೂ ಆ ಪದ ಒಗ್ಗುವುದಿಲ್ಲ. ಕೊಕ್ಕರೆ ಬೆಳ್ಳೂರಿನ ‘ಸಮುದಾಯ ಮೀಸಲು’ ಇನ್ನೂ ವಿಚಿತ್ರ: ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರವರ ಹುಣಸೆಮರಗಳ ಮೇಲೆ, ಪದವನ್ನು ಓದಿದರೆ ಸಮುದಾಯಕ್ಕೇ ಮೀಸಲಿಟ್ಟಂತಿದೆ, ಹಕ್ಕಿಗಳ ಸುಳಿವೇ ಇಲ್ಲ.

(ಇದೇ ಕರಡಿನ ‘ಆವಾಸಸ್ಥಾನ’ವನ್ನು ಹೊಡೆದು ‘ನೆಲೆ’ ಎಂದು ಬರೆದಿದ್ದೇನೆ. ಆವಾಸವೆಂದರೇ ವಾಸದ ಸ್ಥಾನ, ಮತ್ತೊಂದು ಸ್ಥಾನ ಏಕೆ? ಇದಕ್ಕೆ ಆಕ್ಷೇಪವಿದ್ದರೂ ಕೇಳುತ್ತೇನೆ.)

ಬಲ್ಲವರಲ್ಲಿ ಎರಡು ಪ್ರಶ್ನೆ. ಚತುರ್ಥಿಯನ್ನು ಬೇಡದೆ ‘ಮೀಸಲು’ ನಾಮಪದವಾಗಿ ಒಂಟಿಯಾಗಿ ನಿಂತ ಹಳೆಯ ಪ್ರಯೋಗಗಳು ಇವೆಯೇ? ಉತ್ತರ ಕನ್ನಡದ ‘ಸೊಪ್ಪಿನಬೆಟ್ಟ’, ‘ಬೇಣ’ಗಳ ಹಾಗೆ, ಬಳಸುತ್ತಲೇ ಕಾಪಾಡಿಕೊಂಡ ನೆಲಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ಕಲಬುರಗಿ, ಬೀದರ್ ಕಡೆಯವರು ಬರೆದರೆ ಹೆಚ್ಚು ಉಪಕಾರ, ಆ ಭಾಗದ ಪದ ನನ್ನ ಪಟ್ಟಿಯಲ್ಲಿ ಒಂದೂ ಇಲ್ಲ.