ಪೋರ್ಟಲ್‌ನಲ್ಲಿ ಕೋರಿಕೆಯ ಸ್ಥಿತಿ ತೋರಿಸೋ ವಿಜೆಟ್: ಕ್ಲೋನ್ ಮಾಡೋದಾ, ಇದ್ದಿದ್ದನ್ನೇ ಹೊಂದಿಸೋದಾ? ಅನುಭವ ಇದ್ದೋರು ಹೇಳಿ

ಹರಿಹರ ಪ್ಯಾಸೆಂಜರ್:
ನಮ್ಮ ಕಾರ್ಖಾನೆಯಲ್ಲಿ 1,400 ಜನ. ಸರ್ವಿಸ್‌ನೌ (ಕೋರಿಕೆ ಹಾಕೋ, ನಿಭಾಯಿಸೋ ಸಾಫ್ಟ್‌ವೇರ್) ಪೋರ್ಟಲ್ ತೆರೆದ ಕೂಡಲೇ ಅವರವರ ಕೋರಿಕೆ ಎಲ್ಲಿಗೆ ಬಂತು ಅಂತ ಕಾಣಬೇಕು. ಸೇಫ್ಟಿ ಶೂ, ಗೇಟ್ ಪಾಸ್, ಸಂಬಳದ ಮುಂಗಡ ಎಲ್ಲ ಇದರಲ್ಲೇ. ಲೇಬಲ್ ಕನ್ನಡದಲ್ಲಿರಬೇಕು. ಅರ್ಧಕ್ಕರ್ಧ ಜನಕ್ಕೆ ಸೂಪರ್‌ವೈಸರೇ ಕೋರಿಕೆ ಹಾಕಿಕೊಡ್ತಾರೆ. ಇರೋ ವಿಜೆಟ್‌ನ (ಪುಟದಲ್ಲಿ ಇದನ್ನ ತೋರಿಸೋ ಭಾಗ) ಆಪ್ಷನ್‌ಗಳಲ್ಲೇ ಮುಗಿಯುತ್ತಾ, ಇಲ್ಲ ಅದರ ನಕಲು ತೆಗೆದು ಕೋಡ್ ಬದಲಾಯಿಸೋ ಕ್ಲೋನ್ ಬೇಕಾ? ಒಂದು ತಿಂಗಳು ಟೈಮಿದೆ.

ರಾತ್ರಿಪಾಳಿ:
ಕ್ಲೋನ್ ಮಾತ್ರ ಬೇಡ ಗುರುಗಳೇ. 2019ರಲ್ಲಿ, ಸರ್ವಿಸ್‌ನೌನ ನ್ಯೂಯಾರ್ಕ್ ಆವೃತ್ತಿ ಇದ್ದಾಗ, ನಾವು ಬಣ್ಣ ಮತ್ತು ಎರಡು ಕಾಲಂಗೋಸ್ಕರ ಕ್ಲೋನ್ ಮಾಡಿಸಿದ್ವಿ. ಗುತ್ತಿಗೆಯವರಿಗೆ 2,80,000, ಮೇಲೆ 18% ಜಿಎಸ್‌ಟಿ, ಒಟ್ಟು 3,30,400 ರೂಪಾಯಿ. ಬಿಲ್ಲು ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಮೂಲ ವಿಜೆಟ್‌ಗೆ ಬರೋ ತಿದ್ದುಪಡಿ ಕ್ಲೋನಿಗೆ ಬರಲ್ಲ ಅಂತ ಅವರು ಒಂದು ಮಾತು ಹೇಳಲಿಲ್ಲ. ಆಮೇಲೆ ಬಂದ ಆವೃತ್ತಿಗಳು ಒರ್ಲಾಂಡೊ, ಪ್ಯಾರಿಸ್, ಕ್ವಿಬೆಕ್, ಮೂರಕ್ಕೂ ನಾನೇ ಕೂತು ಹಳೇ ಕೋಡು ಹೊಸ ಕೋಡು ಪಕ್ಕಪಕ್ಕ ಇಟ್ಕೊಂಡು ಸಾಲು ಸಾಲು ನೋಡಿದೀನಿ. ಮೊದಲ ಸಲ 6 ದಿನ, ಎರಡನೇ ಸಲ 9, ಮೂರನೇ ಸಲಕ್ಕೆ ದಸರಾ ರಜೆನೂ ಹೋಯ್ತು, ಊರಲ್ಲಿ ಆಯುಧಪೂಜೆಗೆ ನಾನಿಲ್ಲ. ಗುತ್ತಿಗೆಯವರು ಫೋನೇ ಎತ್ತಲಿಲ್ಲ.

ಪೀಣ್ಯ ಎರಡನೇ ಹಂತ:
ಬಣ್ಣಕ್ಕೆ ಯಾರು ರೀ ಕ್ಲೋನ್ ಮಾಡ್ತಾರೆ? ಅದು ಥೀಮ್‌ನಲ್ಲೋ ಪುಟದ ಸಿಎಸ್‌ಎಸ್‌ನಲ್ಲೋ ಮುಗಿಯೋ ಕೆಲಸ. ನಿಮ್ಮ ತಪ್ಪನ್ನ ಕ್ಲೋನ್ ಮೇಲೆ ಹೊರಿಸಬೇಡಿ.

ನಮ್ಮಲ್ಲಿ ಸ್ಥಿತಿ ಆರ್‌ಇಕ್ಯೂ (ಇಡೀ ಕೋರಿಕೆ) ಮಟ್ಟದಲ್ಲಿ ಕಾಣ್ತಿತ್ತು. ಹೊಸದಾಗಿ ಸೇರಿದವರಿಗೆ ಒಂದೇ ಕೋರಿಕೆಯಲ್ಲಿ ಲ್ಯಾಪ್‌ಟಾಪ್, ಐಡಿ ಕಾರ್ಡ್, ಕುರ್ಚಿ, ಸಿಮ್. ಮೂರು ಕೈಗೆ ಬಂದು ಸಿಮ್ ಒಂದು ಉಳಿದ್ರೂ ಇಡೀ ಕೋರಿಕೆ ಓಪನ್. ದಿನಕ್ಕೆ 40 ಕರೆ, ನಾನೇ ಡೈರಿಯಲ್ಲಿ ಗೆರೆ ಹಾಕ್ತಿದ್ದೆ. ಕ್ಲೋನ್ ಮಾಡಿ ಒಂದೊಂದು ಆರ್‌ಐಟಿಎಂ (ಕೋರಿಕೆಯೊಳಗಿನ ಒಂದು ಐಟಂ) ಒಂದೊಂದು ಸಾಲಾಗಿ ಬರೋ ಹಾಗೆ ಮಾಡಿದೆ. ಸ್ಟೇಟ್ ತೆಗೆದು ಸ್ಟೇಜ್ ಹಾಕಿದೆ. ಸ್ಟೇಟ್ 2 ಅಂದ್ರೆ ಕೆಲಸ ನಡೀತಿದೆ ಅಂತಷ್ಟೇ; ಅನುಮೋದನೆಗೆ ನಿಂತಿದೆಯಾ, ಸಾಮಾನು ಬರೋದಕ್ಕೆ ನಿಂತಿದೆಯಾ ಅಂತ ಗೊತ್ತಾಗೋದು ಸ್ಟೇಜ್‌ನಲ್ಲಿ. ಕರೆ 11ಕ್ಕೆ ಇಳೀತು. ಯಾರೇನೇ ಹೇಳಲಿ, ಆ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ.

ರಾತ್ರಿಪಾಳಿ:
ನಿಮ್ಮ ಕೈಲಿ ಡೆವಲಪರ್ ಇದ್ರು, ಮಾಡಿದ್ರಿ. ನಾನು ಒಬ್ಬನೇ ಇದ್ದೆ. ತಪ್ಪು ನಿಮ್ಮದು ಅನ್ನೋಕೆ ಮುಂಚೆ ಅದನ್ನ ಕೇಳಬೇಕಿತ್ತು.

ತುಂಗೆ ತೀರ:
ಇಬ್ಬರೂ ಹೇಳದೇ ಇರೋದು ಒಂದಿದೆ, ನಾನು ಅದರಲ್ಲಿ ಸುಟ್ಟುಕೊಂಡವಳು. ಸರ್ವರ್ ಸ್ಕ್ರಿಪ್ಟ್‌ನಲ್ಲಿ ಆಡ್‌ಕ್ವೆರಿಗೆ (ಹುಡುಕಾಟಕ್ಕೆ ಷರತ್ತು ಹಾಕೋ ಆಜ್ಞೆ) ಫೀಲ್ಡ್ ಹೆಸರು ಬರೆಯುವಾಗ ಒಂದಕ್ಷರ ತಪ್ಪಿದೆ. ಆ ಹೆಸರಿನ ಫೀಲ್ಡೇ ಇಲ್ಲದಿದ್ರೆ ಟೇಬಲ್‌ನಿಂದ ಡೇಟಾ ತರೋ ಗ್ಲೈಡ್‌ರೆಕಾರ್ಡ್ ಆ ಷರತ್ತನ್ನ ಸುಮ್ಮನೆ ಬಿಟ್ಟುಬಿಡುತ್ತೆ, ಟೇಬಲ್‌ನಲ್ಲಿರೋದೆಲ್ಲ ವಾಪಸ್ ಬರುತ್ತೆ. ಎಸಿಎಲ್ (ಯಾರು ಏನು ನೋಡಬಹುದು ಅನ್ನೋ ನಿಯಮ) ತಡೆಯುತ್ತೆ ಅಂದ್ಕೊಂಡಿದ್ದೆ. ಸಾದಾ ಗ್ಲೈಡ್‌ರೆಕಾರ್ಡ್ ತಾನಾಗಿ ಎಸಿಎಲ್ ನೋಡಲ್ಲ. ಬೆಳಗ್ಗೆ 9ರಿಂದ 9:50ರವರೆಗೆ ಯಾರು ಎಷ್ಟು ಮುಂಗಡ ಕೇಳಿದ್ದಾರೆ ಅಂತ ಎಲ್ಲರಿಗೂ ಕಾಣ್ತಿತ್ತು. ಮಗಳ ಆಪರೇಷನ್‌ಗೆ ಸಾಲ ಕೇಳಿದ್ದ ಸಹೋದ್ಯೋಗಿಯೊಬ್ಬರು ಆಮೇಲೆ ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಈಗ ಎಲ್ಲ ಕಡೆ ಎಸಿಎಲ್ ನೋಡೋ ಗ್ಲೈಡ್‌ರೆಕಾರ್ಡ್‌ಸೆಕ್ಯೂರ್ ಹಾಕ್ತೀನಿ. ತಪ್ಪು ಷರತ್ತು ಇದ್ರೆ ಒಂದು ಸಾಲೂ ಕೊಡದಿರೋ ಸಿಸ್ಟಂ ಪ್ರಾಪರ್ಟಿ ಇದೆ, ಅದನ್ನೂ ಆನ್ ಮಾಡಿಸಿದೀನಿ. ಸಂಬಳದ ಮುಂಗಡ ಇದರಲ್ಲಿದೆ ಅಂದ್ರಲ್ಲ, ಅದನ್ನ ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಕಡತ ಶಾಖೆ:
ಕನ್ನಡ ಲೇಬಲ್ ಬಗ್ಗೆ ಯಾರೂ ಉತ್ತರಿಸಿಲ್ಲ. ನಾನು 31 ವರ್ಷ ಕಚೇರಿಯಲ್ಲಿ ಕಡತ ನೋಡಿದವನು. ಕೋರಿಕೆ ಅಲ್ಲ, ಅರ್ಜಿ ಎನ್ನಿ. ಮುಗಿದದ್ದಕ್ಕೆ ವಿಲೇವಾರಿ ಎನ್ನಿ. 2012ರಲ್ಲಿ ಸಕಾಲ ಬಂದಾಗ 15 ಅಂಕಿಯ ಸಂಖ್ಯೆ ಕೊಟ್ಟರೆ ಅರ್ಜಿಯ ಸ್ಥಿತಿ ತಿಳಿಯುವಂತಾಯಿತು. ಜನ ಆ ಮಾತುಗಳಿಗೆ ಒಗ್ಗಿದ್ದಾರೆ.

ಪೀಣ್ಯ ಎರಡನೇ ಹಂತ:
ಸರ್, ವಿಲೇವಾರಿ ಹಾಕಿ ನೋಡಿದೀನಿ. ಕಸ ವಿಲೇವಾರಿ ಅಂತ ದಿನಾ ಕೇಳೋರು ಅವರು. ನನ್ನ ಅರ್ಜಿ ಬಿಸಾಕಿದ್ರಾ ಅಂತ ಮೂರು ಜನ ಬಂದು ಕೇಳಿದ್ರು. ‘ಮುಗಿದಿದೆ’ ಅಂತ ಬದಲಾಯಿಸಿದೆ.

ಕಡತ ಶಾಖೆ:
ಮೂವರು ಕೇಳಿದರೆಂದು ಒಂದು ಒಳ್ಳೆಯ ಮಾತನ್ನೇ ಬಿಡುವುದೇ? ಇನ್ನು ಕ್ಲೋಸ್ಡ್ ಇನ್‌ಕಂಪ್ಲೀಟ್‌ಗೂ (ಪೂರ್ಣವಾಗದೆ ಮುಚ್ಚಿದ್ದಕ್ಕೂ) ಮುಗಿದಿದೆ ಎನ್ನುತ್ತೀರಾ?

ತುಂಗೆ ತೀರ:
ಅದನ್ನ ನಾವು ‘ಆಗಲಿಲ್ಲ, ಕಾರಣ ನೋಡಿ’ ಅಂತ ಹಾಕಿದೀವಿ. ಕಾರಣದ ಕೊಂಡಿ ಪಕ್ಕದಲ್ಲೇ ಇದೆ.

ಕಡತ ಶಾಖೆ:
ಅದು ವಾಕ್ಯವಾಯಿತು ತಾಯಿ, ಲೇಬಲ್ ಅಲ್ಲ.

ಹರಿಹರ ಪ್ಯಾಸೆಂಜರ್:
ಎಲ್ಲರಿಗೂ ನಮಸ್ಕಾರ. ಸೂಪರ್‌ವೈಸರ್ ಹಾಕಿದ ಕೋರಿಕೆ ಕಾರ್ಮಿಕನಿಗೆ ಕಾಣುತ್ತಾ ಅನ್ನೋದೇ ನನ್ನ ಚಿಂತೆ. ಅದನ್ನ ಯಾರೂ ಮುಟ್ಟಲಿಲ್ಲ.

ರಾತ್ರಿಪಾಳಿ:
ಓಪನ್ಡ್ ಬೈ (ಕೋರಿಕೆ ಹಾಕಿದವರು) ಮೇಲೆ ಫಿಲ್ಟರ್ ಇದ್ರೆ ಕಾಣಲ್ಲ. ರಿಕ್ವೆಸ್ಟೆಡ್ ಫಾರ್ (ಯಾರಿಗೋಸ್ಕರ ಹಾಕಿದ್ದು) ಮೇಲೆ ಇದ್ರೆ ಕಾಣುತ್ತೆ. ಆದ್ರೆ ಸೂಪರ್‌ವೈಸರ್ ಆ ಜಾಗದಲ್ಲಿ ತನ್ನ ಹೆಸರೇ ಬಿಟ್ಟು ಸಬ್‌ಮಿಟ್ ಮಾಡಿದ್ರೆ ಯಾವ ವಿಜೆಟ್ಟೂ ಏನೂ ಮಾಡೋಕಾಗಲ್ಲ. ನಮ್ಮಲ್ಲಿ 212 ಶೂ ಒಬ್ಬನೇ ಮೇಸ್ತ್ರಿ ಹೆಸರಲ್ಲಿ ಕೂತಿದ್ವು, ಒಂದೊಂದಾಗಿ ಬದಲಾಯಿಸೋಕೆ ಎರಡು ಭಾನುವಾರ ಹೋಯ್ತು. ಮೊದಲು ಆ ಫೀಲ್ಡನ್ನ ಕ್ಯಾಟಲಾಗ್ ಫಾರ್ಮ್‌ನಲ್ಲಿ ಖಾಲಿ ಇಟ್ಟು ಕಡ್ಡಾಯ ಮಾಡಿ, ಅಣ್ಣ. ವಿಜೆಟ್ ಆಮೇಲೆ.