ವರ್ಷಕ್ಕೆ ಆರು ಸಾವಿರದೊಳಗೆ ವಿಡಿಯೊ ಗೇಮ್: ಹಣಕ್ಕೆ ತಕ್ಕ ಆಟ ಯಾವ ದಾರಿಯಲ್ಲಿ? ಅನುಭವ ಹಂಚಿಕೊಳ್ಳಿ

ಕೋಟೆಯೂರು:
ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಡೆಸ್ಕ್‌ಟಾಪ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇದೆ. ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನ ಬಿಟ್ಟರೆ ಆಡಲು ಪುರಸೊತ್ತಿಲ್ಲ. ಒಬ್ಬನೇ ಕುಳಿತು ಆಡುವ, ಕಥೆಯಿರುವ ಆಟಗಳು ಇಷ್ಟ. ಆನ್‌ಲೈನ್ ಕಾಳಗ ಬೇಡ. ವರ್ಷಕ್ಕೆ ಆರು ಸಾವಿರ ರೂಪಾಯಿ ಎತ್ತಿಡಬಲ್ಲೆ. ಸೇಲ್‌ನಲ್ಲಿ ಕೊಳ್ಳುವುದೋ, ತಿಂಗಳ ಚಂದಾ ಕಟ್ಟುವುದೋ, ಹಳೆಯ ಪಿಎಸ್4 (ಟಿವಿಗೆ ಜೋಡಿಸಿ ಆಡುವ ಸೋನಿಯ ಪೆಟ್ಟಿಗೆ) ತಂದು ಸೆಕೆಂಡ್ ಹ್ಯಾಂಡ್ ಡಿಸ್ಕ್ ಹಾಕಿಕೊಳ್ಳುವುದೋ ತಿಳಿಯುತ್ತಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಡಿಸ್ಕ್‌ರಾಯ:
ಡಿಸ್ಕ್. ಎರಡನೇ ಮಾತೇ ಇಲ್ಲ. 2021ರ ಫೆಬ್ರುವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವಂಥದ್ದಕ್ಕೆ 49,990, ಡಿಸ್ಕ್ ಇಲ್ಲದ್ದಕ್ಕೆ 39,990 ರೂಪಾಯಿ. ನನ್ನ ಭಾವಮೈದುನ ಹತ್ತು ಸಾವಿರ ಉಳಿಸಿದೆನೆಂದು ಬೀಗುತ್ತಾ ಎರಡನೆಯದನ್ನು ತಂದ. ಈಗ ಲೆಕ್ಕ ಕೇಳಿ. ಗಾಡ್ ಆಫ್ ವಾರ್ ರಾಗ್ನರಾಕ್ 2022ರ ನವೆಂಬರ್‌ನಲ್ಲಿ ಬಂತು, ಪಿಎಸ್5ಗೆ 4,999. ಮುಗಿಸಿದ ವಾರವೇ 3,700ಕ್ಕೆ ಮಾರಿದೆ. ಕೊರಿಯರ್ 90, ರಟ್ಟಿನ ಪೆಟ್ಟಿಗೆ ಮತ್ತು ಟೇಪು 25. ನನಗೆ ಬಿದ್ದದ್ದು 1,414. ಭಾವಮೈದುನ ಅದೇ ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು 4,999 ಸುರಿದ, ಇಳಿಸಿಕೊಂಡದ್ದನ್ನು ಮಾರುವಂತಿಲ್ಲ, ಅದರಲ್ಲಿ ಒಂದು ಪೈಸೆ ವಾಪಸ್ ಬರುವ ಹಾಗಿಲ್ಲ. ಇಂಥ ಮೂರು ಆಟಗಳಿಗೆ ಅವನ ಹತ್ತು ಸಾವಿರದ ಉಳಿತಾಯ ಕರಗಿ ಹೋಯಿತು. ಮದುವೆ ಮನೆಗಳಲ್ಲಿ ಸಿಕ್ಕಾಗ ಈಗ ಆ ವಿಷಯ ಎತ್ತುವುದೇ ಇಲ್ಲ.

ಫುಟ್‌ಬಾಲ್ ಆಟದ ಡಿಸ್ಕ್ ಕೊಂಡರೆ ಜುಲೈನೊಳಗೆ ಸಾಗಹಾಕಿ. ಸೆಪ್ಟೆಂಬರ್‌ನಲ್ಲಿ ಹೊಸ ವರ್ಷದ ಆವೃತ್ತಿ ಬಂದ ಮೇಲೆ ಹಳೆಯದನ್ನು ನಾನೂರಕ್ಕೂ ಮೂಸಿ ನೋಡುವವರಿಲ್ಲ. ಇನ್ನೊಂದು: ಒಮ್ಮೆ ಒಬ್ಬ ಮಹಾನುಭಾವ ನನ್ನಿಂದ ಕೊಂಡ ಡಿಸ್ಕ್ ಓಡುತ್ತಿಲ್ಲವೆಂದು ಗೀರು ಬಿದ್ದ ಬೇರೆಯದೇ ಡಿಸ್ಕ್ ಹಿಂದಕ್ಕೆ ಕಳುಹಿಸಿದ. 2,800 ರೂಪಾಯಿ ಪಂಗನಾಮ. ಅಂದಿನಿಂದ ಡಿಸ್ಕಿನ ಹಿಂಬದಿ ನಡುವಿನ ತೂತಿನ ಸುತ್ತ ಕೆತ್ತಿರುವ ಸಣ್ಣ ಅಕ್ಷರ, ಅಂಕಿಗಳ ಫೋಟೊ ತೆಗೆದಿಟ್ಟುಕೊಂಡೇ ಪೆಟ್ಟಿಗೆ ಮುಚ್ಚುತ್ತೇನೆ. ದೀಪಕ್ಕೆ ಸ್ವಲ್ಪ ಓರೆಯಾಗಿ ಹಿಡಿದರೆ ಅಕ್ಷರ ಸ್ಪಷ್ಟವಾಗಿ ಬರುತ್ತದೆ.

ನಿಧಾನವೇ ಪ್ರಧಾನ:
ಡಿಸ್ಕ್‌ರಾಯರೇ, ಐವತ್ತು ಸಾವಿರದ ಪೆಟ್ಟಿಗೆಯನ್ನು ಲೆಕ್ಕದಿಂದ ಹೊರಗಿಟ್ಟು 1,414 ಎಂದು ಎದೆ ತಟ್ಟಿಕೊಂಡರೆ ಹೇಗೆ? ಆನೆ ಕೊಂಡವನು ಅಂಕುಶ ಅಗ್ಗವಾಯಿತು ಎಂದ ಹಾಗಿದೆ.

ನಾನು 2015ರ ನವೆಂಬರ್‌ನಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸಲು ಆರಂಭಿಸಿದಂದಿನಿಂದ ಅಲ್ಲೇ ಕೊಳ್ಳುತ್ತಿದ್ದೇನೆ. ಅದಕ್ಕೆ ಮೊದಲು ಡಾಲರ್ ಬೆಲೆ, ಅದರ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯದ ಶುಲ್ಕ. ನನ್ನದು ಎರಡೇ ನಿಯಮ: ಬಿಡುಗಡೆಯಾಗಿ ಎರಡು ವರ್ಷ ಕಳೆಯಬೇಕು, ಬೆಲೆ ಆದಷ್ಟೂ 500 ರೂಪಾಯಿ ದಾಟಬಾರದು. ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ. ಎರಡೂ ಹೆಚ್ಚುವರಿ ಕಥೆಗಳು ಸೇರಿದ ಪೂರ್ಣ ಆವೃತ್ತಿಯನ್ನು ಜೂನ್ ಕೊನೆಯ ಬೇಸಿಗೆ ಸೇಲ್‌ನಲ್ಲಿ ಕೊಂಡೆ. 2022ರ ಡಿಸೆಂಬರ್‌ನಲ್ಲಿ ಚಿತ್ರಗಳನ್ನೆಲ್ಲ ಹೊಸದು ಮಾಡಿ ಕೊಟ್ಟರು, ಅದೂ ಉಚಿತವಾಗಿ. ನೂರೈವತ್ತು ಗಂಟೆಗೂ ಹೆಚ್ಚು ಆಡಿದ್ದೇನೆ. ಗಂಟೆಗೆ ಮೂರು ರೂಪಾಯಿಯೂ ಬೀಳಲಿಲ್ಲ. ಸೈಬರ್‌ಪಂಕ್ 2077 ನೋಡಿ: 2020ರ ಡಿಸೆಂಬರ್ 10ರಂದು ಬಂತು, ಒಂದೂವರೆ ವಾರದೊಳಗೆ ಸೋನಿ ತನ್ನ ಅಂಗಡಿಯಿಂದಲೇ ಎತ್ತಿಹಾಕಿತು, ಮರಳಿ ಇಟ್ಟದ್ದು 2021ರ ಜೂನ್‌ನಲ್ಲಿ. ನಿಜವಾಗಿ ನೆಟ್ಟಗಾದದ್ದು 2023ರ ಸೆಪ್ಟೆಂಬರ್‌ನ 2.0 ಆವೃತ್ತಿಯಿಂದ. ಮೊದಲ ದಿನ ಕೊಂಡವರು ಪೂರ್ತಿ ಬೆಲೆ ತೆತ್ತು ತಪ್ಪು ಹುಡುಕುವ ಕೂಲಿ ಮಾಡಿದರು. ನಾನು ಅರ್ಧ ಬೆಲೆಗೆ ಸಿದ್ಧ ಅಡುಗೆ ಉಂಡೆ.

ಶೇ 75 ರಿಯಾಯಿತಿ ಎಂಬ ಹಸಿರು ಚೀಟಿ ನೋಡಿ ಬಾಯಿ ಬಿಡಬೇಡಿ. ಹಳೆಯ ಬೆಲೆಗಳನ್ನು ದಾಖಲಿಸುವ ಸ್ಟೀಮ್‌ಡಿಬಿ ಜಾಲತಾಣದಲ್ಲಿ ಆ ಆಟದ ಅತಿ ಕಡಿಮೆ ಬೆಲೆ ಎಷ್ಟಿತ್ತೆಂದು ನೋಡಿ ಆಮೇಲೆ ಹಣ ಕಟ್ಟಿ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಕೊಡುತ್ತಾರೆ. ಆದರೆ ಆಟ ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಆ ಸಮಯವೂ ಲೆಕ್ಕಕ್ಕೆ ಸೇರುತ್ತದೆ.

ಎರಡನೇ ಪಾಳಿ:
ಗಂಟೆಗೆ ಮೂರು ರೂಪಾಯಿ! ಈ ಲೆಕ್ಕ ಕೇಳಿ ಕೇಳಿ ಕಿವಿ ತೂತಾಗಿದೆ. ಪೋರ್ಟಲ್ ಆಟ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. 2007ರ ಆಟ, ಇವತ್ತಿಗೂ ಅದರ ಬುದ್ಧಿವಂತಿಕೆಗೆ ಸಾಟಿಯಿಲ್ಲ. ನಿಮ್ಮ ತಕ್ಕಡಿಯಲ್ಲಿ ಅದು ದುಬಾರಿ, ಭೂಪಟದ ತುಂಬ ನೂರು ಚಿಲ್ಲರೆ ಕೆಲಸ ಚೆಲ್ಲಿ ನಮ್ಮಿಂದ ಜೀತ ಮಾಡಿಸುವ ಆಟ ಅಗ್ಗ. ಹೊಟ್ಟೆಪಾಡಿಗೆ ಫ್ಯಾಕ್ಟರಿಯಲ್ಲಿ ಗಂಟೆ ಎಣಿಸುತ್ತೇನೆ, ಮನೆಗೆ ಬಂದ ಮೇಲೂ ಎಣಿಸಬೇಕೇ?

ನಾನು ಚಂದಾದಾರ. ಯಾವ ಕಂಪನಿಯದೆಂದು ಹೇಳುವುದಿಲ್ಲ. ಮೊದಲ ವರ್ಷ ಸ್ವರ್ಗ, ನಾನಾಗಿ ದುಡ್ಡು ಕೊಟ್ಟು ಮುಟ್ಟದಿದ್ದ ಆಟಗಳನ್ನೆಲ್ಲ ಆಡಿದೆ. 2021ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮ ಬಂತು, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಹೊಸದಾಗಿ ಒಪ್ಪಿಗೆ ಕೊಡಬೇಕಾಯಿತು. ನನ್ನ ಬ್ಯಾಂಕಿನವರೂ ಚಂದಾ ಕಂಪನಿಯವರೂ ಒಬ್ಬರ ಮೇಲೊಬ್ಬರು ಹಾಕಿ ನನ್ನನ್ನು ಅಲೆಸಿದರು. ಅದು ಸರಿಹೋಗುವ ಹೊತ್ತಿಗೆ ನಾನು ಅರ್ಧ ಆಡಿದ್ದ ಆಟವನ್ನೇ ಪಟ್ಟಿಯಿಂದ ತೆಗೆದರು. ಕೊನೆಯ ಅಧ್ಯಾಯ ಬಾಕಿ. ಅದನ್ನು ಮುಗಿಸಲೆಂದು ಪೂರ್ತಿ ಆಟವನ್ನು 2,499 ಕೊಟ್ಟು ಕೊಳ್ಳಬೇಕಾಯಿತು. ಚಂದಾ ಬೇರೆ, ಇದು ಬೇರೆ! ಆದರೂ ಚಂದಾ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಕೊಂಡು ಮೂಲೆಗೆ ಎಸೆಯುವುದಕ್ಕಿಂತ ಬಾಡಿಗೆ ಲೇಸು. ನಿಧಾನದವರೇ, ನಿಮ್ಮ ಖಾತೆಯಲ್ಲಿ ಒಮ್ಮೆಯೂ ತೆರೆಯದ ಆಟಗಳು ಎಷ್ಟಿವೆ? ಅವುಗಳ ಗಂಟೆಯ ದರ ಎಷ್ಟು, ಸ್ವಲ್ಪ ಭಾಗಿಸಿ ಹೇಳಿ.

ನಿಧಾನವೇ ಪ್ರಧಾನ:
ನಿವೃತ್ತಿಯಾದ ಮೇಲೆ ಆಡುತ್ತೇನೆ. ನಿಮಗೇನು ತೊಂದರೆ?

ತುಮಕೂರು ಟು ಟೆಕ್ಸಾಸ್:
ಇಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಅಲ್ಟಿಮೇಟ್ ಚಂದಾ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 19.99 ಡಾಲರ್‌ನಿಂದ 29.99ಕ್ಕೆ ಏರಿತು. ಆ ದರದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 360 ಡಾಲರ್. ನಾನು ಹೋದದ್ದು ಸಾರ್ವಜನಿಕ ಗ್ರಂಥಾಲಯಕ್ಕೆ. ಪುಸ್ತಕದ ಹಾಗೆಯೇ ಗೇಮ್ ಡಿಸ್ಕ್‌ಗಳನ್ನೂ ಎರವಲು ಕೊಡುತ್ತಾರೆ. ಹೊಸ ಆಟಕ್ಕೆ ಸರದಿ ಉದ್ದ, ಆದರೆ ಖರ್ಚು ಸೊನ್ನೆ. ಮಗಳೂ ನಾನೂ ಶನಿವಾರ ಹೋಗಿ ಹೊಸ ಸೂಪರ್ ಮಾರಿಯೊ ಬಂದಿದೆಯೇ ಎಂದು ಕಪಾಟು ತಡಕುತ್ತೇವೆ. ನೀವೂ ನಿಮ್ಮ ಊರಿನ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ.

ಎರಡನೇ ಪಾಳಿ:
ಸ್ವಾಮಿ, ನಮ್ಮೂರ ಗ್ರಂಥಾಲಯದಲ್ಲಿ ಪೇಪರ್ ಓದಲು ಕುರ್ಚಿ ಸಿಕ್ಕರೆ ಅದೇ ಪುಣ್ಯ. ಮಾರಿಯೊ ಕೇಳಿದರೆ ನಮ್ಮನ್ನೇ ಹೊರಗೆ ದಾಟಿಸುತ್ತಾರೆ.

ಹತ್ತನೇ ತರಗತಿಯ ತಾಯಿ:
ನೀವೆಲ್ಲ ಬೆಲೆ ಇರುವ ಆಟಗಳ ಬಗ್ಗೆ ಕಿತ್ತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಪುಕ್ಕಟೆ ಆಟ. ಮೊಬೈಲ್‌ನಲ್ಲಿ ಆಡುವ ಬಂದೂಕಿನ ಆಟ, ಹೆಸರು ಬೇಡ. ಬಿಟ್ಟಿ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ ಮಗ ಇಳಿಸಿಕೊಂಡ. ತಿಂಗಳ ಕೊನೆಗೆ ಖಾತೆಯ ವಿವರ ನೋಡುತ್ತೇನೆ: 89, 89, 449, ಮತ್ತೆ 89, 899. ಹಾಲಿನವನಿಗೆ, ತರಕಾರಿಯವನಿಗೆ ಕಳುಹಿಸಿದ ಮೊತ್ತಗಳ ನಡುವೆ ನುಸುಳಿ ಕುಳಿತಿದ್ದವು, ಕಣ್ಣಿಗೇ ಬೀಳುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆ ಕೂಡಿಸಿ ನೋಡಿದರೆ 11,340 ರೂಪಾಯಿ. ಕೊಂಡದ್ದೇನು? ಕೋವಿಗೊಂದು ಬಣ್ಣ, ಗೊಂಬೆಗೊಂದು ಅಂಗಿ. ನಿಜವಾದ ಅಂಗಿ ಕೊಡಿಸುತ್ತೇನೆಂದರೆ ಬೇಡ ಎನ್ನುತ್ತಾನೆ!

ಈಗ ಒಂದು ಸಲ ಹಣ ಕೊಟ್ಟರೆ ಮುಗಿಯುವ ಆಟ ಮಾತ್ರ. ಸ್ಟಾರ್‌ಡ್ಯೂ ವ್ಯಾಲಿ ಐನೂರರೊಳಗೆ ಬಂತು. ಒಬ್ಬನೇ ಮನುಷ್ಯ ಮಾಡಿದ ಆಟವಂತೆ, 2016ರದ್ದು, 2024ರ ಮಾರ್ಚ್‌ನಲ್ಲಿ ಕೂಡ ಉಚಿತವಾಗಿ ಹೊಸ ಸಂಗತಿಗಳನ್ನು ಸೇರಿಸಿಕೊಟ್ಟ. ಮಗ ಮಲಗಿದ ಮೇಲೆ ನಾನೇ ಆಟದಲ್ಲಿ ಹೂಕೋಸು ಬೆಳೆಯುತ್ತೇನೆ. ನನ್ನ ತೋಟ ಅವನದಕ್ಕಿಂತ ಚೆನ್ನಾಗಿದೆ.

ಡಿಸ್ಕ್‌ರಾಯ:
ಮೇಡಂ, ತಪ್ಪು ತಿಳಿಯಬೇಡಿ, ಫೋನಿಗೆ ಪಾಸ್‌ವರ್ಡ್ ಹಾಕಿದ್ದರೆ ಮುಗಿಯುತ್ತಿತ್ತಲ್ಲ.

ಹತ್ತನೇ ತರಗತಿಯ ತಾಯಿ:
ಹಾಕಿದ್ದೆ. ಹೊರಗೆ ದುಡಿದು ಬಂದು ಅಡುಗೆ ಮಾಡುವಾಗ "ಅಮ್ಮಾ, ಹೋಂವರ್ಕ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ಫೋನ್ ಕೊಡು" ಎಂದರೆ ನೀವು ಏನು ಮಾಡುತ್ತೀರಿ? ರಟ್ಟಿನ ಪೆಟ್ಟಿಗೆಯ 25 ರೂಪಾಯಿಯನ್ನು ಬರೆದಿಟ್ಟುಕೊಳ್ಳಲು ಪುರಸೊತ್ತಿರುವವರು ಉಪದೇಶ ಮಾಡುವುದು ಸುಲಭ.

ಕೀಲಿಕೈ:
ಅಮ್ಮ ಹೇಳಿದ್ದು ಸರಿ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿದಾಗ ಎಷ್ಟು ಜನ ಅಂಗಿ ಟೋಪಿಗಳಿಗಾಗಿ ಎದೆ ಬಡಿದುಕೊಂಡರೆಂದು ನೆನಪಿಸಿಕೊಳ್ಳಿ. ಅದರ ಭಾರತೀಯ ಆವೃತ್ತಿ ಬಿಜಿಎಂಐ ಬಂದದ್ದು ಮುಂದಿನ ಜುಲೈನಲ್ಲಿ.

ಆದರೆ ಡಿಸ್ಕ್‌ರಾಯರೇ, ನಿಮ್ಮ ಕೈಯಲ್ಲಿರುವ ಡಿಸ್ಕ್ ನಿಮ್ಮದೆಂದು ಯಾರು ಹೇಳಿದರು? ದಿ ಕ್ರ್ಯೂ ಎಂಬ ಕಾರ್ ಓಟದ ಆಟ 2014ರಲ್ಲಿ ಡಿಸ್ಕ್‌ನಲ್ಲೇ ಬಂದಿತ್ತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸರ್ವರ್ ಮುಚ್ಚಿತು. ಒಬ್ಬನೇ ಆಡುವ ಭಾಗವೂ ಸರ್ವರ್ ಇಲ್ಲದೆ ಓಡದು. ಆ ಡಿಸ್ಕ್ ಈಗ ಮಾವಿನ ಮರಕ್ಕೆ ಕಟ್ಟಿ ಹಕ್ಕಿ ಓಡಿಸಲು ಆದೀತು. ನಾನು ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಕೊಳ್ಳುತ್ತೇನೆ. ಬೀಗವಿಲ್ಲದ ಫೈಲ್ ಕೊಡುತ್ತಾರೆ, ಇಳಿಸಿಕೊಂಡು ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಆಡಬಹುದು. 2 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗೆ 10,600 ಕೊಟ್ಟೆ. ಒಂದು ನನ್ನ ಮನೆಯಲ್ಲಿ, ಇನ್ನೊಂದು ಅಕ್ಕನ ಮನೆಯ ಬೀರುವಿನಲ್ಲಿ.

ಡಿಸ್ಕ್‌ರಾಯ:
ಯಾವುದೋ ಒಂದು ಆಟ ಹಿಡಿದುಕೊಂಡು ಬಂದಿರಿ. ಅದು ಆನ್‌ಲೈನ್ ಆಟ. ನಾನು ಆಡುವುದು ಒಬ್ಬನ ಆಟ, ಇಂಟರ್ನೆಟ್ ತಂತಿ ಕಿತ್ತರೂ ಓಡುತ್ತದೆ. ಅಷ್ಟಕ್ಕೂ 10,600 ರೂಪಾಯಿಯ ಹಾರ್ಡ್ ಡಿಸ್ಕ್‌ನಲ್ಲಿ ಎಷ್ಟು ಆಟ ಮುಗಿಸಿದ್ದೀರಿ? ಅಕ್ಕನ ಬೀರುವಿನಲ್ಲಿ ರೇಷ್ಮೆ ಸೀರೆಯ ಜೊತೆ ಮಡಚಿಟ್ಟ ಆಟದಿಂದ ಯಾರಿಗೆ ಏನು ಸಿಕ್ಕಿತು?

ಕೀಲಿಕೈ:
ನಿಮ್ಮದು ಮಾರಿ ಹೋದ ಡಿಸ್ಕ್. ನನ್ನದು ಇರುವ ಡಿಸ್ಕ್. ಇಷ್ಟೇ ವ್ಯತ್ಯಾಸ.

ಕೋಟೆಯೂರು:
ಎಲ್ಲರಿಗೂ ಧನ್ಯವಾದ. ನನ್ನ 1050 ಟಿಐಯಲ್ಲಿ ವಿಚರ್ 3 ಓಡುತ್ತದೆಯೇ? ಅಷ್ಟು ಹೇಳಿದರೆ ಸಾಕು.

ಎಸ್.ಪಿ. ರಸ್ತೆಯ ಗಿರಾಕಿ:
ಓಡುತ್ತದೆ, ಮಧ್ಯಮ ಸೆಟ್ಟಿಂಗ್‌ನಲ್ಲಿ. ಆದರೆ ಆ ಕಾರ್ಡಿನಲ್ಲೇ ಕೊಳೆಯಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಹಳೆಯ ಕಾರ್ಡುಗಳು ಮಾರುಕಟ್ಟೆಗೆ ರಾಶಿ ಬಿದ್ದವು. ಬೆಂಗಳೂರಿನಲ್ಲಿ ಒಬ್ಬರಿಂದ ಆರ್‌ಎಕ್ಸ್ 580, 8 ಜಿಬಿ, 7,500ಕ್ಕೆ ತಂದೆ. ಮನೆಗೆ ತಂದು ಹಾಕಿದರೆ ಪರದೆ ಕಪ್ಪು. ಗಣಿಗಾರಿಕೆಗೆಂದು ಕಾರ್ಡಿನ ಬಯೋಸ್ (ಅದರೊಳಗಿನ ಮೂಲ ತಂತ್ರಾಂಶ) ತಿದ್ದಿದ್ದರು, ಮೂಲದ್ದನ್ನು ಹುಡುಕಿ ಮರಳಿ ಬರೆದೆ. ಬಿಚ್ಚಿ ನೋಡಿದರೆ ಚಿಪ್ಪಿನ ಬಿಸಿ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತೆ ಉದುರಿತು. ಪೇಸ್ಟ್ 350, ಒಂದು ಫ್ಯಾನ್ 600. ಕಂಪ್ಯೂಟರಿಗೆ ಕರೆಂಟ್ ಕೊಡುವ ಹಳೆಯ ಎಸ್‌ಎಂಪಿಎಸ್ ತಡೆಯಲಿಲ್ಲ, ಹೊಸದು 550 ವ್ಯಾಟ್, 3,800. ಆಮೇಲೆ ಕರೆಂಟ್ ಹೋದಾಗಲೆಲ್ಲ 600 ವಿಎ ಯುಪಿಎಸ್ ಕಿರುಚಿ ಆರಿಹೋಗುತ್ತಿತ್ತು. ನಿಮ್ಮ 1050 ಟಿಐ 75 ವ್ಯಾಟ್ ತಿಂದರೆ ಇದು 185 ತಿನ್ನುತ್ತದೆ. ಆದ್ದರಿಂದ 1 ಕೆವಿಎ ಯುಪಿಎಸ್, 5,500. ಒಟ್ಟು 17,750. ಇವತ್ತಿಗೂ ಬಂಡೆಯ ಹಾಗೆ ಓಡುತ್ತಿದೆ, ಇದಕ್ಕಿಂತ ಲಾಭದ ವ್ಯವಹಾರ ಇಲ್ಲ.

ಎರಡನೇ ಪಾಳಿ:
7,500ರ ಕಾರ್ಡಿಗೆ 10,250ರ ಉಪಚಾರ. ಇದು ಲಾಭವೇ?

ನಿಧಾನವೇ ಪ್ರಧಾನ:
ಯುಪಿಎಸ್ ಯಾಕೆ ತಂದಿರಿ? ಮನೆಯ ಇನ್ವರ್ಟರ್‌ಗೇ ಜೋಡಿಸಬೇಕಿತ್ತು. ನನ್ನದು ಹಾಗೆಯೇ ನಡೆಯುತ್ತಿದೆ.

ಎಸ್.ಪಿ. ರಸ್ತೆಯ ಗಿರಾಕಿ:
ಯಾವ ಇನ್ವರ್ಟರ್? ಮನೆಯ ಕರೆಂಟ್‌ನಂತೆ ನಯವಾದ ಅಲೆ ಕೊಡುವ ಶುದ್ಧ ಸೈನ್ ವೇವ್ ಅಲ್ಲದಿದ್ದರೆ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ಹದಗೊಳಿಸುವ ಭಾಗ) ಇರುವ ಎಸ್‌ಎಂಪಿಎಸ್ ಗುಂಯ್ ಎಂದು ಕೂಗಿ ಆರಿಹೋಗಬಹುದು. ಗೊತ್ತಿಲ್ಲದೆ ಸಲಹೆ ಕೊಡಬೇಡಿ. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಸಮಯದಲ್ಲಿ ಕಂಪ್ಯೂಟರ್ ಮರುಚಾಲನೆಯಾಗಿ ಸೇವ್ ಫೈಲ್ ಕೆಟ್ಟರೆ ನೀವು ಬಂದು ಆಡಿಕೊಡುತ್ತೀರಾ?

ನಿಧಾನವೇ ಪ್ರಧಾನ:
ನನ್ನದು ಸೈನ್ ವೇವ್‌ನದೇ. ಹಿಂದುಗಡೆ ಯುಪಿಎಸ್ ಮೋಡ್ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿಟ್ಟರೆ ಕಂಪ್ಯೂಟರ್ ಮಿಟುಕುವುದಿಲ್ಲ. 150 ಎಎಚ್ ಟ್ಯೂಬುಲರ್ ಬ್ಯಾಟರಿ, ಬೇಸಿಗೆಯಲ್ಲಿ ಡಿಸ್ಟಿಲ್ಡ್ ನೀರು ಹಾಕುತ್ತಿದ್ದರೆ ಸಾಕು.

ಹತ್ತನೇ ತರಗತಿಯ ತಾಯಿ:
ಐದು ಲೀಟರ್ ಡಿಸ್ಟಿಲ್ಡ್ ನೀರಿಗೆ ನಿಮ್ಮ ಕಡೆ ಎಷ್ಟು ತೆಗೆದುಕೊಳ್ಳುತ್ತಾರೆ? ನಮ್ಮ ಅಂಗಡಿಯವನು 180 ಕೇಳುತ್ತಾನೆ.

ಡಿಸ್ಕ್‌ರಾಯ:
ನೂರ ಹತ್ತು. ಅವನು ನಿಮಗೆ ಚೆನ್ನಾಗಿ ಟೋಪಿ ಹಾಕುತ್ತಿದ್ದಾನೆ.